ಬಾತುಕೋಳಿಯ ಬಾಣಂತನ

ಹೆಣ್ಣುಮಕ್ಕಳಿಗೆ ಬಾಣಂತನವೆಂದರೆ ತವರುಮನೆ. ಬೆಚ್ಚನೆಯ ಕೋಣೆ, ಗಾಳಿ ಸೋಕದ ಮೂಲೆ, ಬಾಗಿಲಲ್ಲಿ ಕಾವಲಿನಂತೆ ಕುಳಿತ ಅಜ್ಜಿ. ಕೆರೆಯ ಕಾಡುಬಾತಿಗೆ ಈ ಭಾಗ್ಯವಿಲ್ಲ. ಕೊಕ್ಕಿನ ತುದಿಗೆ ಅರಿಶಿನ ಹಚ್ಚಿಕೊಂಡಂತೆ ಕಾಣುವ ನಮ್ಮ ಚುಕ್ಕೆ ಕೊಕ್ಕಿನ ಬಾತು ನೀರಂಚಿನ ಜೊಂಡು, ಹುಲ್ಲಿನ ನಡುವೆ ನೆಲದ ಮೇಲೆಯೇ ಗೂಡು ಮಾಡುತ್ತದೆ. ಎಂಟು ಹತ್ತು ಮೊಟ್ಟೆಯಿಟ್ಟು ಮೂರು ನಾಲ್ಕು ವಾರ ಕಾವು ಕೂರುತ್ತದೆ. ಅಷ್ಟು ದಿನವೂ ಅದು ನಾಯಿ, ಮುಂಗುಸಿ, ಕಾಗೆ, ಕಲ್ಲೆಸೆಯುವ ಹುಡುಗರು, ಯಾರ ಕಣ್ಣಿಗೂ ಬೀಳಬಾರದು. ಎಂಥ ತಪಸ್ಸು ನೋಡಿ!

ನಮ್ಮ ಬಬ್ಬೂರಿನ ಕಡೆ ನೀರೇ ಅಪರೂಪದ ನೆಂಟ. ವೇದಾವತಿಗೆ ಮಾರಿಕಣಿವೆಯಲ್ಲಿ ಅಡ್ಡಲಾಗಿ ಕಟ್ಟಿದ ವಾಣಿ ವಿಲಾಸ ಸಾಗರದ ಕೆಲಸ ಮುಗಿದದ್ದು 1907ರಲ್ಲಿ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ, ಎಂಬತ್ತೊಂಬತ್ತು ವರ್ಷಗಳ ನಂತರ. ಅಂಥ ಸೀಮೆಯಲ್ಲಿ ಕೆರೆಯ ಹೂಳೆತ್ತಬೇಡಿ ಎಂದು ಯಾವ ಬಾಯಿಂದ ಹೇಳುವುದು? ಆದರೆ ಜೆಸಿಬಿ ಬಂದು ಕೆರೆಯನ್ನು ಅಂಚಿನಿಂದ ಅಂಚಿಗೆ ಬಾಣಲೆಯಂತೆ ತೋಡಿ ಹೋದರೆ ನೀರು ನಿಲ್ಲುತ್ತದೆ, ಜೊಂಡು ಉಳಿಯುವುದಿಲ್ಲ. ಜೊಂಡು ಹೋದರೆ ಬಾತಿನ ಬಾಣಂತನದ ಕೋಣೆಯೇ ಹೋಯಿತು.

ನಾನು ಪಾಠ ಹೇಳುವ ಹಳ್ಳಿಯ ಸಣ್ಣ ಕೆರೆಯಲ್ಲೂ ಹೂಳೆತ್ತುವ ಕೆಲಸ ಶುರುವಾಯಿತು. ಏಳನೇ ತರಗತಿಯ ಮಕ್ಕಳು, "ಮೇಡಂ, ಬಾತಿಗೆ ಮರದ ಪೆಟ್ಟಿಗೆ ಮಾಡಿ ಕಂಬಕ್ಕೆ ಕಟ್ಟೋಣ" ಎಂದು ದುಂಬಾಲು ಬಿದ್ದರು. ಎಲ್ಲೋ ಚಿತ್ರ ನೋಡಿದ್ದರಂತೆ. ಚಿತ್ರ ಸುಳ್ಳಲ್ಲ. ಅಮೆರಿಕದಲ್ಲಿ ಮರದ ಪೊಟರೆಯಲ್ಲಿ ಗೂಡು ಮಾಡುವ ಒಂದು ಬಾತು ಬೇಟೆಯಿಂದಲೂ, ಹಳೆಯ ಮರಗಳು ಉರುಳಿದ್ದರಿಂದಲೂ ಬಹಳ ವಿರಳವಾಗಿತ್ತು. 1918ರ ಕಾನೂನು ಬೇಟೆಗೆ ಲಗಾಮು ಹಾಕಿತು. 1930ರ ದಶಕದಿಂದ ಜನ ಪೊಟರೆಯ ಬದಲು ಪೆಟ್ಟಿಗೆಗಳನ್ನಿಟ್ಟರು. ಅದರ ಸಂತತಿ ಚೇತರಿಸಿಕೊಂಡಿತು. ಆದರೆ ಪೆಟ್ಟಿಗೆಗಳನ್ನು ಬಯಲಲ್ಲಿ ಒತ್ತೊತ್ತಾಗಿ ಇಟ್ಟ ಕಡೆ ಹಲವು ಬಾತುಗಳು ಒಂದೇ ಪೆಟ್ಟಿಗೆಗೆ ನುಗ್ಗಿ ಮೊಟ್ಟೆಯಿಟ್ಟು, ರಾಶಿಬಿದ್ದ ಮೊಟ್ಟೆಗಳಲ್ಲಿ ಎಷ್ಟೋ ಮರಿಯಾಗದೆ ಕೆಟ್ಟವು. ಉಪಕಾರ ಮಾಡುವುದಕ್ಕೂ ಒಂದು ತಿಳಿವಳಿಕೆ ಬೇಕು!

ನೆಲದಲ್ಲಿ ಕೂರುವ ನಮ್ಮ ಬಾತು ಆ ಪೆಟ್ಟಿಗೆಯತ್ತ ತಿರುಗಿಯೂ ನೋಡುವುದಿಲ್ಲ ಎಂದು ಮಕ್ಕಳಿಗೆ ಹೇಳಿದೆ. ಸಿಳ್ಳೆ ಬಾತಿನಂತೆ ಪೊಟರೆ ಹುಡುಕುವ ಬಾತುಗಳು ನಮ್ಮಲ್ಲೂ ಇವೆ. ಅವುಗಳಿಗೆ ದಡದ ಹಳೆಯ ಮರಗಳನ್ನು ಕಡಿಯದೆ ಬಿಟ್ಟರೆ ಅದೇ ದೊಡ್ಡ ಉಪಕಾರ. ನೆಲದ ಬಾತಿಗೆ ಬೇಕಾದದ್ದು ಸುತ್ತ ನೀರಿರುವ ಒಂದು ದಿಬ್ಬ, ಅದರ ಮೇಲೆ ಹುಲ್ಲು, ನೀರಿಗೆ ಇಳಿಜಾರಾದ ಅಂಚು. ನೀರಿದ್ದರೆ ನಾಯಿ ಅಷ್ಟು ಸುಲಭವಾಗಿ ದಾಟುವುದಿಲ್ಲ.

ಮನುಷ್ಯ ಮಾಡಿಕೊಟ್ಟ ಜಾಗಕ್ಕೆ ಹಕ್ಕಿ ಬರುತ್ತದೆಯೇ ಎಂಬ ಅನುಮಾನ ಬೇಡ. ವಿಜಯನಗರ ಜಿಲ್ಲೆಯ ಅಂಕಸಮುದ್ರ ಹಳ್ಳಿಯ ನೀರಾವರಿಗಾಗಿ ಕಟ್ಟಿದ ಹಳೆಯ ಕೆರೆ. ಅದರೊಳಗಿನ ಜಾಲಿ ಮರಗಳಲ್ಲಿ ಇಂದು ಸಾವಿರಾರು ನೀರುಹಕ್ಕಿಗಳು ತಂಗುತ್ತವೆ, ಗೂಡು ಕಟ್ಟುತ್ತವೆ. 2024ರಲ್ಲಿ ಅದು ರಾಮ್‌ಸಾರ್ ಪಟ್ಟಿಗೂ ಸೇರಿತು. ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಂತೂ ಮನೆಯ ಹಿತ್ತಲಿನ ಹುಣಸೆ ಮರಕ್ಕೆ ಬರುವ ಹೆಜ್ಜಾರ್ಲೆ, ಕೊಕ್ಕರೆಗಳನ್ನು ಹೆರಿಗೆಗೆ ಬಂದ ಮಗಳೆಂದೇ ಭಾವಿಸುತ್ತಾರೆ.

ಇಷ್ಟೆಲ್ಲ ಹೇಳುವುದು ಸುಲಭ, ಒಪ್ಪಿಸುವುದು ಕಷ್ಟ. ಹೂಳು ನಮ್ಮ ರೈತರಿಗೆ ಬಂಗಾರ. "ಮೇಡಮ್ಮೋರೆ, ಬಾತಿಗೆ ಮಣ್ಣು ಬಿಟ್ರೆ ನಮ್ ಹೊಲಕ್ಕೆ ಎಲ್ಲಿಂದ ತರೋದು?" ಎಂದ ಒಬ್ಬರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಮೂರು ವರ್ಷ ಮಳೆಯಿಲ್ಲದೆ ಬೋರ್‌ವೆಲ್ ಬತ್ತಿದವರ ಮುಂದೆ ಹಕ್ಕಿಯ ಮಾತಾಡಲು ನಾಲಿಗೆ ಏಳುವುದಿಲ್ಲ. ಆಗ ಬಟ್ಟೆ ಒಗೆಯಲು ಬಂದಿದ್ದ ಅಜ್ಜಿಯೊಬ್ಬರು, "ಬಾಣಂತಿಗೆ ಒಂದು ಮೂಲೆ ಬಿಡದ ಊರೂ ಒಂದು ಊರೇನಪ್ಪಾ?" ಎಂದು ಬಿಟ್ಟರು. ಗಂಡಸರು ಮುಖಮುಖ ನೋಡಿಕೊಂಡರು. ಕೊನೆಗೆ ದಾರಿಯನ್ನೂ ರೈತರೇ ತೋರಿಸಿದರು. ಕೆರೆಯ ನಡುವೆ ಒಂದು ಕಡೆ ಬರೀ ಗರಸು, ಹೊಲಕ್ಕೆ ಬಾರದ್ದು. ಅದನ್ನು ಎರಡು ಗುಂಟೆಯಷ್ಟು ದಿಬ್ಬವಾಗಿ ಬಿಟ್ಟು, ಮೇಲೆ ನಾಲ್ಕು ಟ್ರ್ಯಾಕ್ಟರ್ ಹೂಳು ಹರಡಿದರು. ಒಳ್ಳೆಯ ಮಣ್ಣೆಲ್ಲ ಹೊಲಕ್ಕೆ ಹೋಯಿತು.

ಮೊದಲ ವರ್ಷ ದಿಬ್ಬ ಬೋಳಾಗಿತ್ತು. ಟಿಟ್ಟಿಭವೊಂದು ಅಲ್ಲಿ ಕೂಗಿಕೊಂಡು ತಿರುಗುತ್ತಿತ್ತು. ಎರಡನೇ ಮಳೆಗೆ ಹುಲ್ಲು, ಜೊಂಡು ಬಂದವು. ಹುಡುಗರು ತೆಪ್ಪ ಹಾಕಿಕೊಂಡು ನೋಡಲು ಹೊರಟಾಗ ತಡೆದೆ. ಬಾಣಂತಿಯ ಕೋಣೆಗೆ ಕಂಡಕಂಡವರು ನುಗ್ಗುತ್ತಾರೆಯೇ? ಮೂರನೆಯ ವರ್ಷ ತಾಯಿಯ ಹಿಂದೆ ಏಳು ಮರಿಗಳು ಸಾಲಾಗಿ ಈಜುವುದನ್ನು ಏರಿಯ ಮೇಲಿಂದಲೇ ಎಣಿಸಿದೆವು. ಮುಂದಿನ ವಾರ ಐದಿದ್ದವು. ಉಳಿದೆರಡು ಎಲ್ಲಿ ಎಂದು ಒಬ್ಬ ಹುಡುಗಿ ಕಣ್ತುಂಬಿಕೊಂಡು ಕೇಳಿದಳು. ಹದ್ದಿಗೂ ಮರಿಗಳಿರುತ್ತವಲ್ಲ ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ, ನನಗೂ ಅಷ್ಟೆ.

ಈಗ ಪಟ್ಟಣಗಳಲ್ಲಿ ಕೆರೆಗಳಿಗೆ ಕಲ್ಲು ಕಟ್ಟಿ, ದೀಪ ಹಾಕಿ, ಸುತ್ತಲೂ ನಡೆಯುವ ಹಾದಿ ಮಾಡುತ್ತಾರೆ. ಸಂಜೆ ತಿರುಗಾಡಲು ನಮಗೂ ಅದು ಬೇಕು. ನಿಮ್ಮೂರಿನ ಕೆರೆಗೂ ಅಂಥ ಯೋಜನೆ ಬಂದರೆ, ಹೋಗಿ ಒಂದು ಮಾತು ಕೇಳಿ: ಹಾದಿಯೂ ದೀಪವೂ ಇಲ್ಲದ ಒಂದು ಮೂಲೆಯನ್ನು ಹುಲ್ಲು, ಜೊಂಡಿಗೆ ಬಿಟ್ಟಿದ್ದೀರಾ? ಕೇಳಲು ಸಂಕೋಚವೇಕೆ? ಬಾಣಂತಿಯ ಕಷ್ಟ ನಮಗಲ್ಲದೆ ಇನ್ಯಾರಿಗೆ ಗೊತ್ತು?