ಕಿವಿಯ ತೂತು, ಮಗ್ಗದ ಸದ್ದು

ನಮ್ಮೂರು ಬನಹಟ್ಟಿ. ನಮ್ಮ ಓಣಿಯಲ್ಲಿ ಯಾರೂ ಮೆತ್ತಗೆ ಮಾತಾಡುವುದಿಲ್ಲ. ಮನೆಯೊಳಗೇ ಪವರ್‌ಲೂಮ್ ಓಡುವಾಗ ಮೆತ್ತಗೆ ಮಾತಾಡಿದರೆ ಕೇಳುವವರಾದರೂ ಯಾರು? ಬೆಂಗಳೂರಿಗೆ ಬಂದ ಹೊಸತರಲ್ಲಿ ರೂಮ್‌ಮೇಟ್ "ಯಾರ ಜೊತೆ ಜಗಳ?" ಅಂತ ಕೇಳಿದ್ದ. ನಾನು ಅವ್ವನಿಗೆ ಊಟ ಆತೇನು ಅಂತ ಕೇಳುತ್ತಿದ್ದೆ ಅಷ್ಟೆ :)

ಚಿಕ್ಕಂದಿನಿಂದ ನನ್ನ ಎಡಗಿವಿ ಸೋರುತ್ತಿತ್ತು. ನೆಗಡಿಯಾದರೆ ಕೀವು. ರಜೆಯಲ್ಲಿ ಮುಧೋಳದ ಮಾವನ ಮನೆಗೆ ಹೋಗಿ ಘಟಪ್ರಭೆಯಲ್ಲಿ ಈಜಿದರೆ ಮತ್ತೆ ಕೀವು. ಅವ್ವ ಬಳ್ಳೊಳ್ಳಿ ಹಾಕಿ ಕಾಸಿದ ಎಣ್ಣೆ ಬಿಡುತ್ತಿದ್ದಳು. ಸೋರುವುದು ನಿಂತರೆ ವಾಸಿಯಾಯಿತು ಅಂತ ಲೆಕ್ಕ. ಸರಿಯಾಗಿ ಕೇಳಿಸುವುದಿಲ್ಲ ಅಂದರೆ ಅಪ್ಪನ ಉತ್ತರ ಸಿದ್ಧವಿತ್ತು: "ಮಗ್ಗದ ಮನಿಯವರ ಕಿವಿ ಹಂಗ ಇರತಾವ, ಬಿಡ." ಅಪ್ಪನಿಗೂ ಕಿವಿ ಮಂದ. ಹಾಗಾಗಿ ನಾನೂ ಬಿಟ್ಟೆ.

ಹೆಡ್‌ಸೆಟ್ ಯಾವಾಗಲೂ ಬಲಗಿವಿಗೇ. ಒಂದು ಮೀಟಿಂಗಿನಲ್ಲಿ ಎಡಕ್ಕೆ ಕೂತವರು ಎರಡು ಸಲ ಕೇಳಿದ್ದಕ್ಕೂ ನಾನು ಉತ್ತರ ಕೊಡದೆ, ಸೊಕ್ಕಿನವನು ಅನ್ನಿಸಿಕೊಂಡೆ. ಆ ಅವಮಾನಕ್ಕೇ ಡಾಕ್ಟರ ಹತ್ತಿರ ಹೋಗಿದ್ದು.

ಅವರು ಕ್ಯಾಮೆರಾ ಇಟ್ಟು ಸ್ಕ್ರೀನಿನಲ್ಲಿ ತೋರಿಸಿದರು. ಕಿವಿಯ ತಮಟೆ ಅಂದರೆ ಒಂದು ಸೆಂಟಿಮೀಟರಿನಷ್ಟು ಅಗಲದ, ಮಿಲಿಮೀಟರಿನ ಹತ್ತನೇ ಒಂದರಷ್ಟು ದಪ್ಪದ ಪೊರೆ. ನನ್ನದರ ನಡುವೆ ತೂತು! ಕಿವಿಯ ಹಿಂದಿನ ಎಲುಬಿಗೆ ಯಂತ್ರ ಒತ್ತಿ ಸದ್ದು ಬಿಟ್ಟಾಗ ಮಾತ್ರ ಸ್ಪಷ್ಟವಾಗಿ ಕೇಳಿಸಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಸರ್ವರ್ ಸರಿ ಇದೆ, ಕೇಬಲ್ ಹರಿದಿದೆ.

ಏಟು ಬಿದ್ದೋ, ಕಡ್ಡಿ ಚುಚ್ಚಿಯೋ ಆದ ಸಣ್ಣ ತೂತು ಬಹಳ ಸಲ ಕೆಲವು ವಾರಗಳಲ್ಲಿ, ಎರಡು ಮೂರು ತಿಂಗಳೊಳಗೆ ತಾನೇ ಮುಚ್ಚಿಕೊಳ್ಳುತ್ತದಂತೆ. ಕಿವಿಗೆ ನೀರು ಹೋಗಬಾರದು, ಅಷ್ಟೆ. ನನ್ನದು ವರ್ಷಗಟ್ಟಲೆ ಸೋರಿದ್ದು. ಮೊದಲು ಔಷಧಿ ಕೊಟ್ಟು ಕಿವಿ ಒಣಗಿಸಿದರು. ಆಮೇಲೆ ಆಪರೇಷನ್: ಕಿವಿಯ ಮೇಲ್ಭಾಗದ ಸ್ನಾಯುವನ್ನು ಹೊದ್ದಿರುವ ತೆಳು ಪದರದ ಚೂರು ತೆಗೆದು ತೂತಿಗೆ ತೇಪೆ. ಕೆಲವು ವಾರ ಜೋರಾಗಿ ಮೂಗು ಸೀಟುವಂತಿಲ್ಲ, ಸೀನುವಾಗ ಬಾಯಿ ತೆರೆದಿರಬೇಕು. ಮೂರು ತಿಂಗಳ ನಂತರ ಎಡಗಿವಿಗೆ ಫೋನ್ ಇಟ್ಟು ಅವ್ವನ ಜೊತೆ ಮಾತಾಡಿದೆ. ನಾನು ಅತ್ತಿದ್ದು ಅವಳಿಗೆ ಗೊತ್ತಾಗಲಿಲ್ಲ.

ಅದೇ ಹುರುಪಿನಲ್ಲಿ ಅಪ್ಪನನ್ನು ಜಮಖಂಡಿಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದೆ. ಅಪ್ಪನ ತಮಟೆ ಹೊಸದರಂತೆ ಇತ್ತು. ಹಾಳಾಗಿದ್ದು ಒಳಗಿವಿಯ ಸೂಕ್ಷ್ಮ ಕೂದಲ ಕೋಶಗಳು. 85 ಡೆಸಿಬೆಲ್ ಮೀರಿದ ಸದ್ದಿನಲ್ಲಿ ದಿನಕ್ಕೆ ಎಂಟು ತಾಸಿನಂತೆ ವರ್ಷಗಟ್ಟಲೆ ದುಡಿದರೆ ಅವು ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ಆಪರೇಷನ್ನಿಂದ ಉಪಯೋಗವಿಲ್ಲ, ಕಿವಿಯ ಮಷೀನೇ ಗತಿ.

ಬಸ್ಸಿನಲ್ಲಿ ಅಪ್ಪ ಅಂದ: "ನಿಂದು ಹರದ ಅರಿವಿ, ತ್ಯಾಪಿ ಹಚ್ಚಿದ್ರು. ನಂದು ನೂಲ ಸವದೈತಿ."

ಒಂದೇ ಮನೆಯ ಎರಡು ಬೇರೆ ಬೇರೆ ಕಾಯಿಲೆಗೆ ನಾವು "ಮಗ್ಗ" ಅಂತ ಒಂದೇ ಹೆಸರಿಟ್ಟಿದ್ದೆವು. ವಾಸಿಯಾಗುವಂಥದ್ದನ್ನು ವಾಸಿ ಮಾಡಿಸಲಿಲ್ಲ, ತಡೆಯಬಹುದಾಗಿದ್ದನ್ನು ತಡೆಯಲಿಲ್ಲ.

ಈಗ ಮಗ್ಗದ ಮುಂದೆ ಕೂರುವ ತಮ್ಮನಿಗೆ ಇಯರ್‌ಪ್ಲಗ್ ತಂದುಕೊಟ್ಟಿದ್ದೇನೆ. ಹಾಕಿಕೊಳ್ಳುತ್ತಾನೋ ಇಲ್ಲವೋ ನೋಡುವ ಕೆಲಸ ಅಪ್ಪನದು. ನಿಮ್ಮ ಮನೆಯಲ್ಲೂ ಯಾರದಾದರೂ ಕಿವಿ ಸೋರುತ್ತಿದ್ದರೆ ಎಣ್ಣೆ ಬಿಡಬೇಡಿ, ಕಡ್ಡಿ ಹಾಕಬೇಡಿ. ಒಮ್ಮೆ ಡಾಕ್ಟರಿಗೆ ತೋರಿಸಿ.