ಒತ್ತಕ್ಷರಕ್ಕೆ ಜಾಗ ಕೊಟ್ಟ ಗುಡ್ಡ

ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು ಎನ್ನುತ್ತಾರೆ ಹಿರಿಯರು. ಎರಡನ್ನೂ ಒಂದೇ ಮಧ್ಯಾಹ್ನದಲ್ಲಿ ಮಾಡಬಹುದಾದ ಜಾಗವೊಂದು ಮಂಗಳೂರಿನಲ್ಲಿದೆ. ಹಂಪನಕಟ್ಟೆಯ ಬಸ್ಸು, ಆಟೋಗಳ ಗದ್ದಲ ದಾಟಿ ಜ್ಯೋತಿಯ ಕಡೆಗೆ ಏರುವ ರಸ್ತೆ ಹಿಡಿದರೆ ಸಿಗುವುದೇ ಬಲ್ಮಠ. ಅಂಗಡಿ, ಆಸ್ಪತ್ರೆ, ಬಹುಮಹಡಿ ಕಟ್ಟಡಗಳ ನಡುವೆ ಅದೊಂದು ಗುಡ್ಡವೆಂಬುದೇ ಈಗ ಮರೆತುಹೋಗುವಂತಿದೆ. ಏರು ಹತ್ತುವಾಗ ಮೊಣಕಾಲು ಮಾತ್ರ ಅದನ್ನು ನೆನಪಿಸುತ್ತದೆ.

ಇಲ್ಲಿ ಶಾಂತಿ ಕೆಥಡ್ರಲ್ ಇದೆ, ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿದೆ. ಕಾಲೇಜಿನ ಪತ್ರಾಗಾರದಲ್ಲಿ ಬಾಸೆಲ್ ಮಿಶನ್ನಿನ ಕಾಲದ ಹಳೆಯ ಪುಸ್ತಕಗಳಿವೆ. ಮೊದಲೇ ಅನುಮತಿ ಪಡೆದು ಹೋದರೆ ಒಳ್ಳೆಯದು. ಕನ್ನಡ ಸಾಹಿತ್ಯಕ್ಕೆ ಆತ್ಮ ಕೊಟ್ಟವರು ಪಂಪ, ಕುಮಾರವ್ಯಾಸ, ದಾಸರು, ಶರಣರು ಎಂದು ಪಾಠದಲ್ಲಿ ಓದುತ್ತೇವೆ. ಆ ಸಾಹಿತ್ಯಕ್ಕೆ ಕಾಗದ, ಮಸಿ, ಹೊಲಿಗೆ, ರಟ್ಟುಗಳ ಮೈ ಕೊಟ್ಟವರು ಯಾರು? ಆ ಕಥೆಯ ಒಂದು ದೊಡ್ಡ ಅಧ್ಯಾಯ ನಡೆದದ್ದು ಈ ಊರಿನಲ್ಲಿ.

ಕಲ್ಲಿನ ಮೇಲೆ ಕನ್ನಡ

ಬಾಸೆಲ್ ಮಿಶನ್ನಿನ ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. 1841ರಲ್ಲಿ ಅಚ್ಚುಕೂಟ ಶುರುವಾಯಿತು. ಅಷ್ಟರಲ್ಲಾಗಲೇ ಕನ್ನಡಕ್ಕೆ ಅಚ್ಚಿನ ಮೊಳೆಗಳು ಬಂದಿದ್ದವು. ದೂರದ ಬಂಗಾಳದ ಸೆರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲೇ ಅಚ್ಚಾಗಿತ್ತು. ಆದರೂ ಮಂಗಳೂರಿನವರು ಮೊದಲು ಆರಿಸಿಕೊಂಡದ್ದು ಮೊಳೆಯನ್ನಲ್ಲ, ಕಲ್ಲನ್ನು. ಕಲ್ಲಚ್ಚು ಎಂದು ಅದಕ್ಕೆ ಹೆಸರು.

ಎಣ್ಣೆಗೂ ನೀರಿಗೂ ಆಗದು ಎಂಬುದು ಅಡಿಗೆಮನೆಯ ಮಕ್ಕಳಿಗೂ ಗೊತ್ತು. ಕಲ್ಲಚ್ಚಿನ ಗುಟ್ಟು ಅಷ್ಟೇ. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಅಕ್ಷರ ಮೂಡಿಸಬೇಕು. ಕಲ್ಲಿನ ಮೇಲೆ ನೇರವಾಗಿ ಬರೆಯುವುದಾದರೆ ಅಕ್ಷರಗಳೆಲ್ಲ ತಿರುಗುಮುರುಗಾಗಿರಬೇಕು. ಆ ಕಷ್ಟ ಬೇಡವೆಂದರೆ ಲೇಪ ಹಚ್ಚಿದ ಕಾಗದದ ಮೇಲೆ ಸರಿಯಾಗಿಯೇ ಬರೆದು, ಅದನ್ನು ಕಲ್ಲಿಗೆ ಒತ್ತಿ ಇಳಿಸಬಹುದು. ಬಳಿಕ ಕಲ್ಲನ್ನು ಗೋಂದು ಮತ್ತು ತೆಳು ಆಮ್ಲದಿಂದ ಹದಮಾಡಿ ನೀರು ಸವರುತ್ತಾರೆ. ಬರಿಯ ಕಲ್ಲು ನೀರು ಹಿಡಿಯುತ್ತದೆ, ಜಿಡ್ಡಿನ ಅಕ್ಷರ ಹಿಡಿಯುವುದಿಲ್ಲ. ಮೇಲೆ ಮಸಿಯ ಉರುಳೆ ಉರುಳಿಸಿದರೆ ಮಸಿ ಅಕ್ಷರಕ್ಕಷ್ಟೇ ಅಂಟುತ್ತದೆ. ಕಾಗದ ಇಟ್ಟು ಒತ್ತಿದರೆ ಪುಟ ಸಿದ್ಧ.

1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಹೀಗೆ ಕಲ್ಲಚ್ಚಿನಲ್ಲಿ ಮೂಡಿದ ಪತ್ರಿಕೆ. ಕನ್ನಡದ ಮೊದಲ ಪತ್ರಿಕೆ ಎಂದು ಅದನ್ನು ನೆನೆದು, ಆ ದಿನವನ್ನೇ ಇಂದಿಗೂ ಪತ್ರಿಕಾ ದಿನವಾಗಿ ಆಚರಿಸಲಾಗುತ್ತಿದೆ.

ಮೋಗ್ಲಿಂಗ್ ಅಷ್ಟಕ್ಕೇ ನಿಲ್ಲಲಿಲ್ಲ. ಮದರಾಸಿನ ನಿವೃತ್ತ ಅಧಿಕಾರಿ ಕ್ಯಾಸಾಮೇಜರ್ ಅವರ ಹಣದ ನೆರವಿನಿಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಮಾಲೆಯನ್ನು ಕೈಗೆತ್ತಿಕೊಂಡರು. 1848ರಿಂದ 1853ರವರೆಗೆ ಹೊರಬಂದ ಈ ಮಾಲೆಯಲ್ಲಿ ಜೈಮಿನಿ ಭಾರತ, ತೊರವೆ ರಾಮಾಯಣ, ಕುಮಾರವ್ಯಾಸ ಭಾರತ, ಬಸವಪುರಾಣ, ದಾಸರ ಪದಗಳು ಸೇರಿದ್ದವು. ಓಲೆಗರಿಯಲ್ಲಿ, ಕಡತದಲ್ಲಿ, ಹಾಡುವವರ ಬಾಯಲ್ಲಿ ಇದ್ದ ಸಾಹಿತ್ಯ ಪುಸ್ತಕದ ರೂಪ ತಾಳಿತು. ಮತ ಪ್ರಚಾರಕ್ಕೆಂದು ಬಂದವರು ಭಾರತ, ರಾಮಾಯಣಗಳನ್ನು ಅಚ್ಚು ಹಾಕಿದ್ದು ಇತಿಹಾಸದ ಒಂದು ವಿಚಿತ್ರ. ಜನರ ಭಾಷೆ ಕಲಿಯಬೇಕಾದರೆ ಅವರ ಕಾವ್ಯ ಓದಲೇಬೇಕು ಎಂಬುದು ಅವರಿಗೆ ತಿಳಿದಿತ್ತು.

ಕಲ್ಲಚ್ಚಿನ ಪುಟವನ್ನು ನೋಡಿದರೆ ಅದು ಅಚ್ಚಾದ ಪುಸ್ತಕವೋ, ಕೈಬರಹವೋ ಎಂದು ಕ್ಷಣಕಾಲ ಅನುಮಾನ ಬರುತ್ತದೆ. ಅದೇ ಅದರ ಗುಣ. ಬರೆಯುವವನ ಕೈಗೆ ಒತ್ತಕ್ಷರ ಎಂದೂ ತೊಡಕಲ್ಲ. ಎಲ್ಲಿ ಇಳಿಯಬೇಕೋ ಅಲ್ಲಿ ಇಳಿಯುತ್ತದೆ, ಪಕ್ಕದ ಅಕ್ಷರ ಸ್ವಲ್ಪ ಸರಿದು ದಾರಿ ಬಿಡುತ್ತದೆ. ಕಡತ ಓದಿ ರೂಢಿಯಾದ ಕಣ್ಣಿಗೆ ಈ ಪುಟ ಪರಕೀಯವಲ್ಲ.

ಮೊಳೆಗಳ ಲೆಕ್ಕ

ಆದರೆ ಕಲ್ಲಿಗೂ ಮಿತಿಯುಂಟು. ಕೆಲಸ ಮುಗಿದ ಕಲ್ಲನ್ನು ಉಜ್ಜಿ ಬೇರೆ ಪುಟಕ್ಕೆ ಬಳಸುತ್ತಿದ್ದರು. ಆಮೇಲೆ ಅದೇ ಪುಟ ಬೇಕೆಂದರೆ ಹೊಸದಾಗಿ ಬರೆಯಬೇಕು. ತಪ್ಪು ತಿದ್ದುವುದೂ ಕಷ್ಟ. ಶಾಲೆಗಳಿಗೆ, ನಿಘಂಟಿಗೆ, ಮರುಮುದ್ರಣಕ್ಕೆ ಮೊಳೆಯೇ ಬೇಕು.

ಇಂಗ್ಲಿಷಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಸೇರಿ 52. ಕನ್ನಡದ 34 ವ್ಯಂಜನಗಳಿಗೆ ಕಾಗುಣಿತದ ಬಳ್ಳಿ ಬರೆದರೆ ಅಕ್ಷರರೂಪಗಳು 400 ದಾಟುತ್ತವೆ. ಅದರ ಮೇಲೆ ಒತ್ತುಗಳು ಬೇರೆ. ಮೊಳೆ ಜೋಡಿಸುವವನ ಮುಂದೆ ಮರದ ಖಾನೆಗಳ ದೊಡ್ಡ ಸಾಲೇ ಇರಬೇಕು. ಯಾವ ಖಾನೆಯಲ್ಲಿ ಯಾವ ಅಕ್ಷರ ಎಂಬುದು ಅವನ ಕೈಗೆ ಕಂಠಪಾಠವಾಗಿರಬೇಕು.

ಇನ್ನೊಂದು ತೊಡಕು ಹೊರಗಿನವರ ಕಣ್ಣಿಗೆ ಬೀಳುವಂಥದಲ್ಲ. ‘ರಾಷ್ಟ್ರ’, ‘ಶಾಸ್ತ್ರ’, ‘ಲಕ್ಷ್ಮಿ’ ಎಂದು ಬರೆದು ನೋಡಿ. ಅಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಮೇಲೆ ತಲೆಕಟ್ಟು, ಗುಡಿಸು, ಕೆಳಗೆ ಒತ್ತು. ಹೀಗಾಗಿ ಎರಡು ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡಬೇಕು. ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಮೊಳೆಯ ಕಾಲದಲ್ಲಿ ಈ ಜಾಗಕ್ಕಾಗಿ ಸಾಲುಗಳ ನಡುವೆ ಸೀಸದ ತೆಳುಪಟ್ಟಿ ಇಡುತ್ತಿದ್ದರು. ಜಾಗ ಬಿಟ್ಟಷ್ಟೂ ಪುಟ ಹೆಚ್ಚು, ಪುಟ ಹೆಚ್ಚಿದಷ್ಟೂ ಕಾಗದ ಹೆಚ್ಚು, ಕಾಗದ ಹೆಚ್ಚಿದಷ್ಟೂ ಬೆಲೆ ಹೆಚ್ಚು. ಕನ್ನಡ ಪುಸ್ತಕವೆಂದರೆ ಅಂದಿನಿಂದ ಇಂದಿನವರೆಗೂ ಒತ್ತಕ್ಷರಕ್ಕೂ ಕಾಗದದ ಬೆಲೆಗೂ ನಡೆಯುವ ಚೌಕಾಶಿ.

ಬಲ್ಮಠದ ಚರಿತ್ರೆಯಲ್ಲಿ ಈ ಚೌಕಾಶಿಯನ್ನು ಬಲ್ಲವರಲ್ಲಿ ಗೇಯೋರ್ಗ್ ಪ್ಲೆಬ್ಸ್ಟ್ ಒಬ್ಬರು. 1850ರ ದಶಕದಲ್ಲಿ ಅಚ್ಚುಕೂಟದ ಕೆಲಸಕ್ಕೆ ಬಂದ ಇವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮುಂದೆ ‘ಮಂಗಳೂರು ಹಂಚು’ ಎಂದು ಹೆಸರಾದ ಕೆಂಪು ಹಂಚಿನ ಮೂಲ ಅದೇ. ಪುಸ್ತಕದ ಅಚ್ಚಿನಿಂದ ಹಂಚಿನ ಅಚ್ಚಿಗೆ! ಒಂದರಲ್ಲಿ ಸೀಸ, ಇನ್ನೊಂದರಲ್ಲಿ ಜೇಡಿಮಣ್ಣು. ಕೈ ಮಾತ್ರ ಒಂದೇ.

ಮೊಳೆಯ ಕೆಲಸ ಎಷ್ಟು ಹದಕ್ಕೆ ಬಂತೆಂಬುದಕ್ಕೆ ಸಾಕ್ಷಿ ಇಲ್ಲಿನ ನಿಘಂಟುಗಳು. 1872ರಲ್ಲಿ ಹರ್ಮನ್ ಗುಂಡರ್ಟರ ಮಲಯಾಳಂ-ಇಂಗ್ಲಿಷ್ ನಿಘಂಟು ಮಂಗಳೂರಿನಿಂದ ಹೊರಬಂತು. ಕಾದಂಬರಿಕಾರ ಹರ್ಮನ್ ಹೆಸ್ಸೆಗೆ ಈ ಗುಂಡರ್ಟ್ ತಾಯಿಯ ತಂದೆ. ಅದೇ ವರ್ಷ ಫರ್ಡಿನಾಂಡ್ ಕಿಟ್ಟೆಲ್ಲರ ಸಂಪಾದನೆಯಲ್ಲಿ ಶಬ್ದಮಣಿದರ್ಪಣ ಬಂತು, 1875ರಲ್ಲಿ ನಾಗವರ್ಮನ ಛಂದಸ್ಸು. 1886ರಲ್ಲಿ ಮ್ಯಾನರ್ ಅವರ ತುಳು ನಿಘಂಟು. ಎಲ್ಲಕ್ಕೂ ಕಲಶವಿಟ್ಟಂತೆ 1894ರಲ್ಲಿ ಕಿಟ್ಟೆಲ್ ಕೋಶ. ಸುಮಾರು 70,000 ಶಬ್ದಗಳು, 1,752 ಪುಟಗಳು. ಕನ್ನಡ, ಇಂಗ್ಲಿಷ್ ಒಂದೇ ಸಾಲಿನಲ್ಲಿ ಬೆರೆಯಬೇಕು. ಹಳಗನ್ನಡದ ಱ, ೞ ಅಕ್ಷರಗಳಿಗೂ ಮೊಳೆ ಬೇಕು. ಒಂದು ಒತ್ತು ತಪ್ಪಿದರೆ ಶಬ್ದವೇ ಬೇರೆಯಾಗುತ್ತದೆ. ಈ ಗ್ರಂಥದ ಮೇಲೆ ಕಿಟ್ಟೆಲ್ಲರ ಹೆಸರಿದೆ, ಇರಬೇಕಾದದ್ದೇ. ಮೊಳೆ ಜೋಡಿಸಿದವರ, ಕರಡು ತಿದ್ದಿದವರ, ಹೊಲಿಗೆ ಹಾಕಿದವರ ಹೆಸರು ಮುಖಪುಟಕ್ಕೆ ಬರಲಿಲ್ಲ. ಆದರೆ ಅವರ ಕೈಗುಣ ಪ್ರತಿ ಪುಟದಲ್ಲೂ ಇದೆ.

ಕಾಗದದ ಆಯುಷ್ಯ

ಮಂಗಳೂರಿನ ಮಳೆಗಾಲ ಮನುಷ್ಯರಿಗೆ ಹಿತ, ಪುಸ್ತಕಕ್ಕೆ ಶತ್ರು. ಜೂನ್ ತಿಂಗಳಿಂದ ಗಾಳಿಯೇ ಒದ್ದೆ. ಕಾಗದ ತೇವ ಹೀರಿ ಉಬ್ಬುತ್ತದೆ, ಬಿಸಿಲಿಗೆ ಒಣಗಿ ಕುಗ್ಗುತ್ತದೆ. ಬೂಷ್ಟು, ಗೆದ್ದಲು, ಬೆಳ್ಳಿಹುಳ ಹೊಂಚು ಹಾಕಿರುತ್ತವೆ. ಇಂಥ ಊರಿನಲ್ಲಿ ನೂರೈವತ್ತು ವರ್ಷ ದಾಟಿದ ಪುಸ್ತಕ ಉಳಿದಿದೆಯೆಂದರೆ ಅದು ಕಾಪಾಡಿದವರ ಶ್ರದ್ಧೆ. ಜೊತೆಗೆ ಕಾಗದದ ಜಾತಿಯೂ ಹೌದು.

ಇಲ್ಲೊಂದು ಸ್ವಾರಸ್ಯವಿದೆ. ಹಳೆಯದಾದಷ್ಟೂ ಕಾಗದ ದುರ್ಬಲ ಎಂದು ನಾವು ತಿಳಿಯುತ್ತೇವೆ. ಹಲವು ಸಲ ಇದು ತಲೆಕೆಳಗು. ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೂ ಜಗತ್ತಿನ ಬಹುಪಾಲು ಕಾಗದ ಹತ್ತಿ, ನಾರುಬಟ್ಟೆಯ ಚಿಂದಿಯಿಂದ ತಯಾರಾಗುತ್ತಿತ್ತು. ಅದರ ನಾರು ಉದ್ದ, ಬಾಳಿಕೆ ಹೆಚ್ಚು. ಬಳಿಕ ಮರದ ತಿರುಳು ಬಂತು, ಕಾಗದ ಅಗ್ಗವಾಯಿತು. ಮಸಿ ಹರಡದಿರಲೆಂದು ಬಳಸಿದ ಪಟಿಕ ಕಾಗದದೊಳಗೆ ಆಮ್ಲವನ್ನು ಉಳಿಸಿತು. ಆ ಆಮ್ಲ ಸದ್ದಿಲ್ಲದೆ ನಾರನ್ನು ತಿನ್ನುತ್ತಾ ಬಂತು. ಹೀಗಾಗಿ ಅಜ್ಜ ಓದಿದ ಪುಸ್ತಕ ಹಳದಿಯಾಗಿ ಹಪ್ಪಳದಂತೆ ಮುರಿಯುತ್ತಿದ್ದರೂ ಮುತ್ತಜ್ಜನ ಕಾಲದ ಪುಸ್ತಕ ಗಟ್ಟಿಯಾಗಿ ಉಳಿದಿರುವುದುಂಟು.

ಕನ್ನಡ ನಾಡಿಗೂ ತನ್ನದೇ ಕಾಗದ ಬಂತು. 1936ರಲ್ಲಿ ಭದ್ರಾವತಿಯಲ್ಲಿ ಮೈಸೂರು ಕಾಗದ ಕಾರ್ಖಾನೆ, 1955ರಲ್ಲಿ ದಾಂಡೇಲಿಯ ವೆಸ್ಟ್ ಕೋಸ್ಟ್ ಕಾರ್ಖಾನೆ ಸ್ಥಾಪನೆಯಾದವು. ನಾಡಿನ ಪುಸ್ತಕ, ನೋಟುಬುಕ್ಕುಗಳಿಗೆ ಇವು ಕಾಗದ ಒದಗಿಸಿದವು. ಭದ್ರಾವತಿಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು.

ಮುದ್ರಣಾಲಯದ ಗಣಿತ

ಮೊಳೆಗಳ ಕಾಲ ಮುಗಿಯಿತು. ಈಗ ಅಕ್ಷರ ಮೂಡುವುದು ಕಂಪ್ಯೂಟರಿನಲ್ಲಿ. ಆದರೆ ಚೌಕಾಶಿ ನಿಂತಿಲ್ಲ. ಒಂದು ಸಣ್ಣ ಲೆಕ್ಕ ನೋಡಿ. ಪುಟಕ್ಕೆ 28 ಸಾಲಿನಂತೆ 240 ಪುಟದ ಪುಸ್ತಕವಿದೆ ಎನ್ನೋಣ. ಸಾಲುಗಳನ್ನು ಒತ್ತರಿಸಿ 33 ಮಾಡಿದರೆ ಅದು 204 ಪುಟಕ್ಕೆ ಇಳಿಯುತ್ತದೆ. ಉಳಿತಾಯ 36 ಪುಟ. 16 ಪುಟಕ್ಕೆ ಒಂದು ಫಾರಂ ಎಂದರೆ ಎರಡು ಫಾರಂಗೂ ಹೆಚ್ಚು. ಒಂದು ಫಾರಂಗೆ ಒಂದು ಹಾಳೆಯಂತೆ, ಸಾವಿರ ಪ್ರತಿಗೆ 2,000 ಹಾಳೆ, ಅಂದರೆ ನಾಲ್ಕು ರೀಮು ಕಾಗದ ಉಳಿಯಿತು. ಪ್ರಕಾಶಕರಿಗೆ ಇದು ಸಣ್ಣ ಮೊತ್ತವಲ್ಲ. ಆದರೆ ಕಳೆದುಕೊಂಡವರು ಯಾರು? ಈಗಷ್ಟೇ ಕೂಡಿಸಿ ಓದಲು ಕಲಿತ ಮಗು. ಒತ್ತು ಯಾವ ಅಕ್ಷರದ್ದು, ತಲೆಕಟ್ಟು ಯಾವ ಸಾಲಿನದು ಎಂದು ತಿಳಿಯದೆ ಅದು ತಡವರಿಸುತ್ತದೆ. ಮನೆಯವರು ‘ನಮ್ಮ ಮಗುವಿಗೆ ಕನ್ನಡ ಓದಲು ಬೇಜಾರು’ ಎನ್ನುತ್ತಾರೆ. ಬೇಜಾರು ಕನ್ನಡದ್ದೇ, ಪುಟದ್ದೇ ಎಂದು ಯಾರೂ ಕೇಳುವುದಿಲ್ಲ.

ಪುಸ್ತಕ ಕೊಳ್ಳುವಾಗ ಬೆಲೆಯ ಜೊತೆಗೆ ನಾಲ್ಕಾರು ಸಂಗತಿ ನೋಡಲು ಎರಡು ನಿಮಿಷ ಸಾಕು. ಮುಖಪುಟ ತಿರುವಿದರೆ ಕನ್ನಡ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: ಡೆಮಿ 1/8, 70 ಜಿಎಸ್‌ಎಂ ಮ್ಯಾಪ್‌ಲಿಥೋ ಎಂದು. ಮೊದಲನೆಯದು ಪುಸ್ತಕದ ಆಕಾರ. ಎರಡನೆಯದು ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ. ತೂಕ ತೀರ ಕಡಿಮೆಯಾದರೆ ಹಿಂಬದಿಯ ಅಕ್ಷರ ಮುಂದೆ ಇಣುಕುತ್ತದೆ. ಕಣ್ಣು ಕುಕ್ಕುವ ಬಿಳುಪಿಗಿಂತ ತುಸು ಕೆನೆಬಣ್ಣದ ಕಾಗದ ಹೆಚ್ಚು ಹೊತ್ತು ಓದಲು ಹಿತವೆನ್ನುವವರು ಹಲವರು.

ಇನ್ನು ಬೆನ್ನು. ಪುಸ್ತಕವನ್ನು ನಡುವೆ ತೆರೆದಾಗ 16 ಪುಟಕ್ಕೊಮ್ಮೆ ದಾರ ಕಂಡರೆ ಅದು ಹೊಲಿದ ಪುಸ್ತಕ. ಬರಿಯ ಅಂಟಿನದಾದರೆ ಅಗ್ಗ, ಆದರೆ ಪದೇ ಪದೇ ಅಗಲಿಸಿದರೆ ಹಾಳೆ ಕಳಚುವ ಭಯ. ನಿಘಂಟಿನಂಥ, ದಿನವೂ ತೆರೆಯುವ ಪುಸ್ತಕಕ್ಕೆ ಹೊಲಿಗೆಯೇ ಮೇಲು. ಹಾಳೆಗಳು ಮೆತ್ತಗೆ ಮಗುಚದೆ ಸೆಟೆದು ನಿಂತರೆ, ಕಾಗದದ ನಾರು ಬೆನ್ನಿಗೆ ಅಡ್ಡವಾಗಿ ಬಂದಿರುವ ಸಾಧ್ಯತೆ ಹೆಚ್ಚು. ನಾರು ಬೆನ್ನಿನ ಉದ್ದಕ್ಕೇ ಇದ್ದರೆ ಪುಸ್ತಕ ಹೇಳಿದ ಮಾತು ಕೇಳುತ್ತದೆ. ಮಳೆಗಾಲದಲ್ಲಿ ಮುಖಪುಟ ಹೊರಕ್ಕೆ ಸುರುಳಿ ಸುತ್ತುವುದನ್ನು ಕರಾವಳಿಯವರೆಲ್ಲ ಬಲ್ಲರು. ಮೇಲ್ಮೈಗೆ ಪ್ಲಾಸ್ಟಿಕ್ ಪದರ ಹೊದಿಸಿದ್ದರಿಂದ ತೇವ ಒಳಬದಿಯಿಂದ ಮಾತ್ರ ಸೇರಿ, ಆ ಬದಿ ಹಿಗ್ಗುವುದೇ ಅದಕ್ಕೆ ಕಾರಣ.

ಬಾಸೆಲ್ ಮಿಶನ್ ಕಾಲದ ಎಷ್ಟೋ ಪುಸ್ತಕಗಳ ಪುಟಗಳನ್ನು ಈಗ ಮನೆಯಲ್ಲೇ ಕುಳಿತು ನೋಡಬಹುದು. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ 2018ರಲ್ಲಿ ತೆರೆದ ಗುಂಡರ್ಟ್ ಪೋರ್ಟಲ್‌ನಲ್ಲಿ ಮಲಯಾಳಂ ಜೊತೆಗೆ ಕನ್ನಡ, ತುಳು ಪುಸ್ತಕಗಳೂ ಇವೆ. ಅದು ದೊಡ್ಡ ಉಪಕಾರ. ಆದರೆ ಪರದೆಯ ಮೇಲೆ ಅಕ್ಷರ ಕಾಣುತ್ತದೆ. ಕಾಗದದ ದಪ್ಪ, ಮೊಳೆ ಒತ್ತಿದ ತಗ್ಗು, ಹೊಲಿಗೆಯ ಬಿಗಿ ಕಾಣುವುದಿಲ್ಲ. ಅದಕ್ಕೆ ಗುಡ್ಡ ಹತ್ತಲೇಬೇಕು.

ಮಕ್ಕಳನ್ನು ಮಂಗಳೂರಿಗೆ ಕರೆತರುವವರು ಪಣಂಬೂರಿನ ಕಡಲತೀರ, ಕದ್ರಿ, ಮಂಗಳಾದೇವಿ ತೋರಿಸುತ್ತಾರೆ. ಬಲ್ಮಠಕ್ಕೂ ಒಂದು ಗಂಟೆ ಇಟ್ಟುಕೊಂಡರೆ ನಷ್ಟವಿಲ್ಲ. ಅಲ್ಲಿಂದ ಇಳಿದು ಬಂದ ಮಗು ತನ್ನ ಪಾಠಪುಸ್ತಕ ತೆರೆದು, ಎರಡು ಸಾಲುಗಳ ನಡುವಿನ ಬಿಳಿಯ ಜಾಗಕ್ಕೆ ಬೆರಳಿಟ್ಟು ‘ಇದು ಒತ್ತಕ್ಷರಕ್ಕೆ’ ಎಂದರೆ, ಪ್ರವಾಸ ಸಾರ್ಥಕ.