ತಿರುಗುವ ಬಳೆ

ಕಾಯುವುದರಲ್ಲಿ ನಾನು ಪಳಗಿದವನು. ಬಸ್ಸಿಗೆ ಕಾದಿದ್ದೇನೆ, ಬಾಕಿ ಸಂಬಳಕ್ಕೆ ಕಾದಿದ್ದೇನೆ, ಮದುವೆಮನೆಯಲ್ಲಿ ಎರಡನೆಯ ಪಂಕ್ತಿಗೂ ಕಾದಿದ್ದೇನೆ. ಆದರೆ ಕಂಪ್ಯೂಟರಿನ ತೆರೆಯ ಮೇಲೆ ಬಳೆಯಂಥದೊಂದು ನೀಲಿ ಗುರುತು ಗಿರ್ರನೆ ತಿರುಗುತ್ತ, ಇಗೋ ಆಯಿತು, ಇನ್ನೇನು ಬಂತು ಎಂದು ಆಸೆ ತೋರಿಸುತ್ತ ಕೂರಿಸುತ್ತದಲ್ಲ, ಆ ಕಾಯುವಿಕೆಗೆ ನನ್ನ ಅನುಭವ ಸಾಲದು. ಬಸ್ಸು ಬಾರದಿದ್ದರೆ ನಡೆದಾದರೂ ಹೋಗಬಹುದು. ನನ್ನದೇ ಮನೆಯಲ್ಲಿ, ನನ್ನದೇ ಮೇಜಿನ ಮೇಲಿರುವ, ನಾನೇ ತೆಗೆದ ಚಿತ್ರದ ಬಳಿಗೆ ನಡೆದು ಹೋಗಲು ದಾರಿ ಯಾವುದು?

ನನ್ನಲ್ಲಿ 41,000 ಫೋಟೋಗಳಿವೆ. ಜಂಬಕ್ಕೆ ಹೇಳುತ್ತಿಲ್ಲ, ಅದೊಂದು ಕಾಯಿಲೆಯ ಲಕ್ಷಣವೆಂದು ಹೇಳುತ್ತಿದ್ದೇನೆ. ಕನ್ನಡ ಮೇಷ್ಟರಾದ ನನಗೆ ಹಳ್ಳಿಗಳಲ್ಲಿ ಶಾಸನಗಳನ್ನೂ ವೀರಗಲ್ಲುಗಳನ್ನೂ ಹುಡುಕಿಕೊಂಡು ಅಲೆಯುವ ಚಟ. ಹಿಂದಿನವರು ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಕುಂಚದಿಂದ ಬಡಿದು, ಮಸಿ ಹಚ್ಚಿ ಅಚ್ಚು ತೆಗೆಯುತ್ತಿದ್ದರು. ಅಲ್ಲಿಯೇ ಕುಳಿತು ಒಂದೊಂದಕ್ಷರವನ್ನೂ ಬೆರಳಿನಿಂದ ಸವರಿ ಓದುತ್ತಿದ್ದರು. ನಾನು ಕ್ಯಾಮರಾದ ಗುಂಡಿ ಒತ್ತುತ್ತಿದ್ದೆ. ಕಲ್ಲಿಗೆ ಒಂದು ಚಿತ್ರ ಸಾಲದೆಂದು ಇಪ್ಪತ್ತು. ಓದುವುದು ಮನೆಗೆ ಹೋದ ಮೇಲೆ. ಮನೆಗೆ ಹೋದ ಮೇಲೆ ಉತ್ತರಪತ್ರಿಕೆಗಳು. ಹೀಗೆ ಹದಿನೈದು ವರ್ಷ ಕಳೆಯಿತು.

ಕಳೆದ ತಿಂಗಳು ಹಳೆಯ ವಿದ್ಯಾರ್ಥಿಯೊಬ್ಬ ಫೋನು ಮಾಡಿದ. ಹಾಸನ ಜಿಲ್ಲೆಯಲ್ಲಿರುವ ಅವನ ಊರಿನ ಕೆರೆಯ ಏರಿಯ ಮೇಲೊಂದು ವೀರಗಲ್ಲಿತ್ತು. 2012ರಲ್ಲಿ ಅವನೇ ನನ್ನನ್ನು ಕರೆದೊಯ್ದು ತೋರಿಸಿದ್ದ. ಈಗ ರಸ್ತೆ ಅಗಲಮಾಡುವಾಗ ಯಂತ್ರದ ಏಟು ಬಿದ್ದು ಕಲ್ಲು ಒಡೆದುಹೋಗಿದೆ. ಊರವರು ಹೋಳುಗಳನ್ನು ಜೋಡಿಸಿ ಗುಡಿಯ ಮುಂದೆ ನಿಲ್ಲಿಸುವವರಿದ್ದಾರೆ. ಕೆಳಗಿನ ಕಾಳಗದ ಚಿತ್ರವಿದೆ, ಮೇಲೆ ಲಿಂಗದ ಮುಂದೆ ಕುಳಿತ ವೀರನಿದ್ದಾನೆ; ಅಕ್ಷರಗಳಿದ್ದ ಪಟ್ಟಿ ಮಾತ್ರ ಪುಡಿಯಾಗಿದೆ.

"ಸಾರ್, ಸತ್ತವನ ಹೆಸರು ಕೆತ್ತಿಸಬೇಕಂತೆ. ಭಾನುವಾರ ಪೂಜೆ ಇಟ್ಟುಕೊಂಡಿದ್ದಾರೆ. ನಿಮ್ಮ ಹತ್ತಿರ ಫೋಟೋ ಇದೆಯಲ್ಲ?"

"ಇಲ್ಲದೆ ಏನಪ್ಪ? ರಾತ್ರಿ ನೋಡಿ ಹೇಳುತ್ತೇನೆ" ಎಂದೆ. ಧೈರ್ಯವಾಗಿಯೇ ಎಂದೆ. ಅಂದು ಗುರುವಾರ.

ಚಿತ್ರಗಳನ್ನು ಜೋಡಿಸಿಡುವುದಕ್ಕೆಂದೇ ಇರುವ ತಂತ್ರಾಂಶವೊಂದನ್ನು ನಾನು ಬಹುಕಾಲದಿಂದ ಬಳಸುತ್ತಿದ್ದೇನೆ. ಊಟವಾದ ಮೇಲೆ ಅದನ್ನು ತೆರೆದೆ. ಬಳೆ ತಿರುಗತೊಡಗಿತು. ಹಾಲು ಕಾಯಿಸಿ ಕುಡಿದು ಬಂದೆ, ತಿರುಗುತ್ತಿತ್ತು. ಕೊನೆಗೆ ತೆರೆಯ ತುಂಬ ಬೂದುಬಣ್ಣದ ಚೌಕಗಳು ಮೂಡಿದವು, ಒಳಗೆ ಚಿತ್ರವಿಲ್ಲ. ತಾಳ್ಮೆಗೆಟ್ಟು ಒಂದನ್ನು ಒತ್ತಿದೆ. ತಂತ್ರಾಂಶ ಪ್ರತಿಕ್ರಿಯಿಸುತ್ತಿಲ್ಲವೆಂದು ಕಂಪ್ಯೂಟರೇ ನನಗೆ ತಿಳಿಸಿತು, ನನಗೆ ತಿಳಿಯದ ಸಂಗತಿಯೆಂಬಂತೆ! ನನ್ನಾಕೆ ಬಾಗಿಲಲ್ಲಿ ನಿಂತು, "ಆ ಕಲ್ಲಿನ ಹತ್ತಿರಕ್ಕೇ ಹೋಗಿ ಬಂದಿದ್ದರೆ ಇಷ್ಟುಹೊತ್ತಿಗೆ ವಾಪಸು ಬರುತ್ತಿದ್ದಿರಿ" ಎಂದಳು. ಕಲ್ಲೇ ಇಲ್ಲವೆಂದು ಹೇಳುವ ಚೈತನ್ಯ ನನಗಿರಲಿಲ್ಲ.

ಶುಕ್ರವಾರ ಸಂಜೆ ಕಂಪ್ಯೂಟರ್ ವಿಭಾಗದ ತರುಣ ಸಹೋದ್ಯೋಗಿಯನ್ನು ಮನೆಗೆ ಕರೆತಂದೆ. ಆತ ತಂತ್ರಾಂಶವನ್ನು ಬೈಯುತ್ತಾನೆಂದು ನಿರೀಕ್ಷಿಸಿದ್ದೆ. ನಾನೂ ದನಿಗೂಡಿಸಲು ಸಿದ್ಧನಾಗಿದ್ದೆ. ಆತ ಮಾತ್ರ ಕೇಳಿದ್ದು ಹೀಗೆ: "ಸಾರ್, ಹಳೆಯ ಲೈಬ್ರರಿಯಲ್ಲಿ ಕಾರ್ಡುಗಳ ಪೆಟ್ಟಿಗೆ ಎಲ್ಲಿರುತ್ತಿತ್ತು?"

"ಬಾಗಿಲ ಬಳಿ, ಮೇಜಿನ ಪಕ್ಕದಲ್ಲಿ."

"ನೀವು ಅದನ್ನು ಒಳಗಿನ ಉಗ್ರಾಣದಲ್ಲಿ ಇಟ್ಟಿದ್ದೀರಿ."

ವಿಷಯ ಇಷ್ಟು. ಚಿತ್ರಗಳು ಒಂದು ಕಡೆ, ಅವುಗಳ ಹೆಸರು, ತಾರೀಖು, ವಿವರಗಳ ಸೂಚಿ ಇನ್ನೊಂದು ಕಡೆ. ತಂತ್ರಾಂಶ ಕೆಲಸ ನಡೆಸುವುದು ಆ ಸೂಚಿಯಿಂದ. ನಾನು ಎರಡನ್ನೂ ಕಂಪ್ಯೂಟರಿಗೆ ತಂತಿಯಿಂದ ಸಿಕ್ಕಿಸುವ ಹಳೆಯ ಹಾರ್ಡ್ ಡಿಸ್ಕಿನಲ್ಲಿ ತುಂಬಿದ್ದೆ. ಅದರೊಳಗಿನ ತಟ್ಟೆ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ. ಕೇಳಲು ದೊಡ್ಡ ವೇಗವೇ. ಆದರೆ ಬೇಕಾದ ತಾವಿಗೆ ಕಡ್ಡಿ ಸರಿದು, ತಟ್ಟೆ ಸುತ್ತಿ ಬರಲು ಸೆಕೆಂಡಿನ 50ರಲ್ಲಿ ಒಂದು ಪಾಲು ಹಿಡಿಯಿತೆಂದರೂ 41,000 ಚಿತ್ರಗಳಿಗೆ ಹದಿಮೂರು ನಿಮಿಷ ಮೀರುತ್ತದೆ. ಹೊಸ ಚಿತ್ರ ಬಂದಿದೆಯೋ ಏನೋ ಎಂದು ತೆರೆದಾಗಲೆಲ್ಲ ಎಲ್ಲವನ್ನೂ ಎಣಿಸಬೇಕೆಂದು ನಾನೇ ಎಂದೋ ಅಪ್ಪಣೆ ಕೊಟ್ಟಿದ್ದೆನಂತೆ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೆ ಪುಸ್ತಕಗಳನ್ನೆಲ್ಲ ಎಣಿಸಿ ಮುಗಿಸದೆ ಯಾರಿಗೂ ಪುಸ್ತಕ ಕೊಡದ ಗ್ರಂಥಪಾಲಕನನ್ನು ಊಹಿಸಿಕೊಳ್ಳಿ.

ಬೂದು ಚೌಕಗಳ ಗುಟ್ಟು ಬೇರೆ. ಪ್ರತಿ ಚಿತ್ರಕ್ಕೂ ಅಂಚೆಚೀಟಿಯಷ್ಟು ಪುಟ್ಟ ಪ್ರತಿಯೊಂದನ್ನು ತಂತ್ರಾಂಶ ಮಾಡಿಟ್ಟುಕೊಳ್ಳುತ್ತದೆ. ನಾನು ಹಳೆಯ ಶಾಸನದಚ್ಚುಗಳನ್ನು ಇಂಚಿಗೆ 600 ಚುಕ್ಕಿಯಂತೆ ಸ್ಕ್ಯಾನ್ ಮಾಡಿ ತುಂಬಿದ್ದೆ. ಆ ಲೆಕ್ಕದಲ್ಲಿ ಎ4 ಅಳತೆಯ ಒಂದು ಬಣ್ಣದ ಹಾಳೆ, ಕುಗ್ಗಿಸದೆ ಇಟ್ಟರೆ, ನೂರು ಮೆಗಾಬೈಟು ದಾಟುತ್ತದೆ. ಒಂದು ಅಂಚೆಚೀಟಿಗಾಗಿ ಅಷ್ಟನ್ನೂ ಓದಬೇಕು.

ಎಲ್ಲಕ್ಕಿಂತ ನನ್ನನ್ನು ನಾಚಿಸಿದ್ದು ಇನ್ನೊಂದು. ಚಿತ್ರದಲ್ಲಿರುವವರ ಮುಖ ಗುರುತಿಸುವ ವಿದ್ಯೆ ಈ ತಂತ್ರಾಂಶಕ್ಕುಂಟು. ಅದು ಹಿಂದಿನಿಂದ ಸದ್ದಿಲ್ಲದೆ ನನ್ನ ವೀರಗಲ್ಲುಗಳ ಮುಖಗಳನ್ನೆಲ್ಲ ಪರೀಕ್ಷಿಸುತ್ತ ಕುಳಿತಿತ್ತು. ಬಿಲ್ಲು ಹಿಡಿದವನು, ಬಿದ್ದವನು, ಅವನನ್ನು ಸ್ವರ್ಗಕ್ಕೆ ಎತ್ತಿ ಒಯ್ಯುವ ಅಪ್ಸರೆಯರು ಎಲ್ಲರ ಕೆಳಗೂ ಇವರು ಯಾರು ಎಂಬ ಪ್ರಶ್ನೆ. ಅಪ್ಸರೆಯೊಬ್ಬಳನ್ನಂತೂ ನನ್ನ ಅತ್ತಿಗೆಯೇ ಇರಬಹುದೆಂದು ಸಂಶಯಪಟ್ಟಿತ್ತು. ಅತ್ತಿಗೆಗೆ ಇದನ್ನು ಹೇಳಿಲ್ಲ. ಈ ಪತ್ರಿಕೆ ಅವರ ಮನೆಗೂ ಹೋಗುತ್ತದೆಂಬುದು ಈಗ ನೆನಪಾಗುತ್ತಿದೆ.

ಸಹೋದ್ಯೋಗಿ ಸೂಚಿಯನ್ನೂ ಪುಟ್ಟ ಪ್ರತಿಗಳನ್ನೂ ಕಂಪ್ಯೂಟರಿನೊಳಗಿನ ಎಸ್‌ಎಸ್‌ಡಿಗೆ ಸಾಗಿಸಿದ. ಅದರಲ್ಲಿ ತಿರುಗುವ ತಟ್ಟೆಯೇ ಇಲ್ಲ. ಎಣಿಕೆಯನ್ನೂ ಮುಖಪರೀಕ್ಷೆಯನ್ನೂ ನಿಲ್ಲಿಸಿದ. ಪುಟ್ಟ ಪ್ರತಿಗಳು ಇಡೀ ರಾತ್ರಿ ತಯಾರಾಗಲಿ, ಯಾರೂ ಮುಟ್ಟಬೇಡಿ ಎಂದು ಹೇಳಿ, ಕಾಫಿ ಕುಡಿದು ಹೊರಟ.

ಆ ರಾತ್ರಿ ಮಾಡಲು ಕೆಲಸವಿಲ್ಲದೆ ಬಿ. ಎಲ್. ರೈಸರ ಸಂಪುಟವೊಂದನ್ನು ತೆಗೆದು ಕುಳಿತೆ. ಎಪಿಗ್ರಾಫಿಯ ಕರ್ನಾಟಿಕದ ಮೊದಲ ಸಂಪುಟ ಹೊರಟದ್ದು 1886ರಲ್ಲಿ. ಅದರಲ್ಲಿ ತಾಲ್ಲೂಕಿನ ಹೆಸರು, ಅದರ ಮುಂದೆ ಒಂದು ಅಂಕಿ, ಅಷ್ಟೆ. ಯಾವ ಶಾಸನವಾದರೂ ನಿಮಿಷದೊಳಗೆ ಕೈಗೆ ಸಿಗುತ್ತದೆ. ಅಂಕಿ ಹಾಕುವ ಮೊದಲು ಅವರು ಅದನ್ನು ಓದಿದ್ದರು. ನಮ್ಮ ಕೆರೆಯ ಏರಿಯ ಕಲ್ಲು ಅದರಲ್ಲಿರಲಿಲ್ಲ.

ಶನಿವಾರ ಬೆಳಿಗ್ಗೆ ತಂತ್ರಾಂಶ ತೆರೆದೆ. ಬಳೆ ಅರ್ಧ ಸುತ್ತು ತಿರುಗಿ ಮಾಯವಾಯಿತು. ತಾರೀಖು ಕೊಟ್ಟ ಕೂಡಲೆ ಆ ದಿನದ ಚಿತ್ರಗಳು ಸಾಲಾಗಿ ನಿಂತವು. ಕಲ್ಲಿನವು ಇಪ್ಪತ್ತೆರಡು. ಒಂದೊಂದಾಗಿ ದೊಡ್ಡದು ಮಾಡಿ ನೋಡಿದೆ. ಎಲ್ಲವೂ ಮಧ್ಯಾಹ್ನ ಹನ್ನೆರಡೂವರೆಗೆ ತೆಗೆದವು. ನೆತ್ತಿಯ ಬಿಸಿಲಿನಲ್ಲಿ ಸವೆದ ಅಕ್ಷರಕ್ಕೆ ನೆರಳಿರುವುದಿಲ್ಲ, ನೆರಳಿಲ್ಲದೆ ಅಕ್ಷರ ಕಾಣುವುದಿಲ್ಲ. ಇದನ್ನು ನಾನೇ ತರಗತಿಯಲ್ಲಿ ಪಾಠ ಹೇಳುತ್ತೇನೆ. ಇಪ್ಪತ್ತೆರಡರಲ್ಲೂ ಬರೀ ಕಲ್ಲಿತ್ತು.

ಸಾಲು ಅಲ್ಲಿಗೇ ಮುಗಿದಿರಲಿಲ್ಲ. ಅಂದು ಆ ಹುಡುಗನ ಮನೆಯಲ್ಲಿ ಊಟಮಾಡಿ ಹೊರಡುವಾಗ ಸಂಜೆಯಾಗಿತ್ತು. ಕೆರೆ ನೋಡಬೇಕೆಂದು ಹಟ ಹಿಡಿದ ನಾಲ್ಕು ವರ್ಷದ ಮಗಳನ್ನು ಕಲ್ಲಿನ ಬುಡದಲ್ಲಿ ಕೂರಿಸಿ ನನ್ನಾಕೆ ಒಂದು ಫೋಟೋ ತೆಗೆದಿದ್ದಳು. ಓರೆಬಿಸಿಲು ಪಟ್ಟಿಯ ಮೇಲೆ ಹರಿದು ಅಕ್ಷರಗಳೆಲ್ಲ ಎದ್ದು ನಿಂತಿದ್ದವು. ತುರುವನ್ನು ಮರಳಿಸಲು ಕಾದಿದ್ದು ತಿಳಿಯಿತು, ಸತ್ತದ್ದು ತಿಳಿಯಿತು. ಹೆಸರಿನಲ್ಲಿ 'ಮಾರ' ಎಂಬುದು ಸ್ಪಷ್ಟವಾಗಿತ್ತು. ಅದರ ಮುಂದಿನ ಎರಡೋ ಮೂರೋ ಅಕ್ಷರಗಳ ಮೇಲೆ ಮಗಳ ಕೈಯಿತ್ತು. ಮಾರಗಾವುಂಡನೋ, ಮಾರಯ್ಯನೋ, ಮಾರೆಯನಾಯಕನೋ.

ಈಗ ಪಿಯುಸಿ ಓದುತ್ತಿರುವ ಮಗಳನ್ನು ಕರೆದು ತೋರಿಸಿದೆ. "ಈ ಫ್ರಾಕು ಚೆನ್ನಾಗಿ ನೆನಪಿದೆ ಅಪ್ಪ" ಎಂದಳು. ಕಲ್ಲಿನ ನೆನಪಿರಲಿಲ್ಲ.

ಹುಡುಗನಿಗೆ ಫೋನು ಮಾಡಿ ಓದಿದಷ್ಟನ್ನು ಹೇಳಿದೆ.

"ಮುಂದೆ ಏನು ಕೆತ್ತಿಸಲಿ ಸಾರ್? ಗೌಡ ಅಂತ ಹಾಕಿಸಿಬಿಡೋಣವೆ? ಊರಿನವರಿಗೂ ಅದೇ ಇಷ್ಟ."

"ಬೇಡಪ್ಪ. ಮಾರ ಅಂತ ಬರೆಸು. ಮುಂದೆ ಮೂರು ಅಕ್ಷರದಷ್ಟು ಜಾಗ ಬಿಡಿಸು."